ಮಕ್ಕಳ ನೆವದಲ್ಲಿ

ಏಪ್ರಿಲ್ ಹತ್ತು ಎಂದರೆ ನಮ್ಮ ಕಾಲದವರಿಗೆ ಈಗಲೂ ಎದೆ ಒಮ್ಮೆ ಡವಗುಟ್ಟುತ್ತದೆ. ಶಾಲೆಗಳಲ್ಲಿ ಫಲಿತಾಂಶ ಹೇಳುವ ದಿನ ಅದು. ಬೆಳಿಗ್ಗೆ ತಲೆ ಬಾಚಿಕೊಂಡು ಹೋಗಿ ಮೇಷ್ಟ್ರ ಬಾಯಲ್ಲಿ ‘ಪಾಸು’ ಅನ್ನಿಸಿಕೊಂಡು ಬಂದುಬಿಟ್ಟರೆ ಜೂನ್ ಹುಟ್ಟುವವರೆಗೆ ನಮ್ಮನ್ನು ಕೇಳುವವರೇ ಇರಲಿಲ್ಲ. 2008ರಲ್ಲಿ ನನ್ನ ಮಗ ಹುಬ್ಬಳ್ಳಿಯ ಶಾಲೆಯಲ್ಲಿ ಮೂರನೇ ಕ್ಲಾಸು ದಾಟಿದ್ದ. ನಾನೂ ಟೀಚರು, ನನಗೂ ರಜೆ. ಫಲಿತಾಂಶ ಕೇಳಿಕೊಂಡು ಬಂದವನೇ ಚೀಲ ತುಂಬತೊಡಗಿದ. ರಾತ್ರಿಯ ರೈಲು ಹತ್ತಿ ಮೈಸೂರಿಗೆ ಹೊರಟೆವು.

ಪ್ರತಿ ವರ್ಷ ಹೋಗುತ್ತಿದ್ದ ತೌರುಮನೆಯೇ. ಆದರೆ ಆ ವರ್ಷದ್ದು ಬೇರೆ. ಅಪ್ಪ ಅಮ್ಮನ ಮದುವೆಯಾಗಿ ಮೇ ತಿಂಗಳಿಗೆ ಐವತ್ತು ವರ್ಷ ತುಂಬುತ್ತಿತ್ತು. ಮದುವೆಯಾಗಿ ದೂರದ ಪುಣೆ ಸೇರಿದ್ದ ನನ್ನ ತಂಗಿ, ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ರಜೆಯೆಲ್ಲ ಇರುತ್ತೇನೆಂದು ಬಂದಿದ್ದಳು. ಬೆಂಗಳೂರಿನ ಅಣ್ಣ, ಅತ್ತಿಗೆ ತಮ್ಮ ಒಬ್ಬಳೇ ಮಗಳನ್ನು ಮೊದಲು ಕಳಿಸಿ, ಶನಿವಾರ ಭಾನುವಾರ ತಾವು ಬಂದು ಹೋಗುವುದೆಂದು ಗೊತ್ತು ಮಾಡಿಕೊಂಡರು. ನಾವು ಮೂವರು ಒಟ್ಟಿಗೆ ಒಂದು ಬೇಸಿಗೆ ಪೂರ್ತಿ ಆ ಮನೆಯಲ್ಲಿ ಇದ್ದು ಎಷ್ಟು ಕಾಲವಾಗಿತ್ತೋ. ಬಹುಶಃ ಅಣ್ಣನಿಗೆ ಕೆಲಸ ಸಿಕ್ಕ ಮೇಲೆ ಅದೇ ಮೊದಲು. ಮಕ್ಕಳಿಗೆ ರಜೆ ಕಳೆಯಲಿ ಎಂದು ನಾವು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆವು. ನಿಜವಾಗಿ ಮಕ್ಕಳ ನೆವದಲ್ಲಿ ನಮಗೆ ನಮ್ಮ ಮನೆ ಮತ್ತೆ ಸಿಕ್ಕಿತು.

ಸರಸ್ವತಿಪುರಂನ ಆ ಮನೆ ದೊಡ್ಡದೇನಲ್ಲ. ನಡುಮನೆ, ಎರಡು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ಒಂದು ನಿಂಬೆಗಿಡ, ಒಂದು ಕರಿಬೇವು, ಮೇಲೆ ತಾರಸಿ. ಅಪ್ಪ ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ರೈಲಿನವರ ಶಿಸ್ತು ಮೈಯಲ್ಲಿ ಉಳಿದಿತ್ತು. ರಂಗಾಯಣದವರ ಬೇಸಿಗೆ ಶಿಬಿರ ಚಿಣ್ಣರ ಮೇಳಕ್ಕೆ ಮೊಮ್ಮಕ್ಕಳನ್ನು ಸೇರಿಸಬೇಕು ಎಂದು ಅವರು ಹಟ ಹಿಡಿದಿದ್ದರು. ಅರ್ಜಿಗಾಗಿ ಕತ್ತಲಿರುವಾಗಲೇ ಎದ್ದು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡು, ಹೋಗಿ ಸರದಿಯಲ್ಲಿ ನಿಂತು ಬಂದರು. ಮೈಸೂರಿನ ತಂದೆತಾಯಂದಿರಿಗೆ ಆ ಸಾಲು ಚೆನ್ನಾಗಿ ಗೊತ್ತು. ಅಪ್ಪ ಅರ್ಜಿಗಳನ್ನು ಅಂಗಿಯ ಒಳಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಾಗ, ಅಮ್ಮ ಕೈಯೊರೆಸಿಕೊಂಡು ಬಂದು ಅದಕ್ಕೆ ಅರಿಸಿನ ಕುಂಕುಮ ಇಟ್ಟಳು.

ಜಾಗ ಸಿಕ್ಕಿದ್ದು ಅಣ್ಣನ ಮಗಳು ಪುಟ್ಟಿಗೂ ನನ್ನ ಮಗನಿಗೂ. ತಂಗಿಯ ಮಕ್ಕಳು ಚಿನ್ನಿ, ಗುಂಡ ಇಬ್ಬರಿಗೂ ವಯಸ್ಸು ಸಾಲದು. ಚಿನ್ನಿ ಸುಮ್ಮನಾದಳು. ಐದು ತುಂಬಲು ಇನ್ನೂ ವಾರಗಳಿದ್ದ ಗುಂಡ ಮಾತ್ರ ತುಳಸಿಕಟ್ಟೆಯ ಹತ್ತಿರ ಕೂತು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಇಡೀ ಮನೆಯ ಮೇಲೆ ಸಿಟ್ಟು ಮಾಡಿದ.

ರಂಗಾಯಣವನ್ನು 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದರು. ಸ್ವತಃ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು ಅವರು. ಮಕ್ಕಳಿಗೆ ರಂಗ ಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಮಕ್ಕಳು ಮೇಳಕ್ಕೆ ಹೋಗುವ ಹೊತ್ತಿಗೆ ಕಾರಂತರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆದರೂ ಕಲಾಮಂದಿರದ ಆವರಣಕ್ಕೆ ಕಾಲಿಟ್ಟರೆ, ಮರಗಳ ಕೆಳಗೆ ಗುಂಪು ಗುಂಪಾಗಿ ಕೂತು ಹಾಡುವ ಮಕ್ಕಳನ್ನು ಕಂಡರೆ, ಅವರು ಅಲ್ಲೆಲ್ಲೋ ಹಾರ್ಮೋನಿಯಂ ಮುಂದೆ ಕೂತಿದ್ದಾರೇನೋ ಅನ್ನಿಸುತ್ತಿತ್ತು. ಮಣ್ಣು ಕಲಸುವುದು, ಕಾಗದದ ಮುಖವಾಡ ಮಾಡುವುದು, ಬಣ್ಣ ಹಚ್ಚುವುದು, ಹಾಡು, ಕುಣಿತ, ಕೊನೆಗೆ ನಾಟಕ. ಪುಟ್ಟಿ ಮೊದಲ ದಿನ ಬಂದಾಗ ಅವಳ ಫ್ರಾಕಿನ ಬಣ್ಣ ಯಾವುದೆಂದು ಗುರುತು ಹಿಡಿಯಲಾಗಲಿಲ್ಲ. ಬೆಂಗಳೂರಿನ ಶಾಲೆಯಲ್ಲಿ ಬಾಯೇ ಬಿಡುವುದಿಲ್ಲ ಎಂದು ಅತ್ತಿಗೆ ಚಿಂತೆ ಮಾಡುತ್ತಿದ್ದ ಹುಡುಗಿ, ನಡುಮನೆಯ ಮಧ್ಯೆ ನಿಂತು ಹಕ್ಕಿಯ ದನಿ, ಗಾಳಿಯ ದನಿ, ಮಳೆಯ ದನಿ ಎಲ್ಲ ಮಾಡಿ ತೋರಿಸಿದಳು. ಆ ವಾರದ ಕೊನೆಗೆ ಬಂದ ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟರು.

ಮಕ್ಕಳನ್ನು ಮೇಳಕ್ಕೆ ಬಿಟ್ಟು ಬರುವ ಕೆಲಸ ಅಪ್ಪನದು. ಆಟೋ ಹತ್ತುವ ಮಾತೇ ಇಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಸಿಕೊಂಡು ಹೋಗುತ್ತಿದ್ದರು. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಕೆರೆ ಇದು ಎಂದು ಹೇಳಿ, ನೀರಿನ ಮೇಲೆ ತೇಲುವ ಹೆಜ್ಜಾರ್ಲೆಗಳನ್ನು ತೋರಿಸಿ, ಹಾಗೆಯೇ ಮಗ್ಗಿ ಕೇಳುತ್ತಿದ್ದರಂತೆ. ಹದಿನೇಳರ ಮಗ್ಗಿ ಬಂದರೆ ದಾರಿಯಲ್ಲಿ ಒಂದು ಕಡಲೆ ಮಿಠಾಯಿ. ನನ್ನ ಮಗ ಆ ಬೇಸಿಗೆಯಲ್ಲಿ ಹತ್ತೊಂಬತ್ತರವರೆಗೆ ಕಲಿತ.

ಚಿನ್ನಿ ಗುಂಡರನ್ನು ತಂಗಿ ಬೆಳಿಗ್ಗೆ ಸರಸ್ವತಿಪುರಂನ ಯೂನಿವರ್ಸಿಟಿ ಈಜುಕೊಳಕ್ಕೆ ಕರೆದೊಯ್ಯುತ್ತಿದ್ದಳು. ಚಿಕ್ಕ ವಯಸ್ಸಿನಲ್ಲಿ ನಾವು ಬೇಲಿಯಾಚೆಯಿಂದ ನೋಡುತ್ತಿದ್ದ ಕೊಳ ಅದು. ಹೆಣ್ಣುಮಕ್ಕಳು ಈಜು ಕಲಿಯುವುದು ಆಗ ನಮ್ಮ ಮನೆಯಲ್ಲಿ ಯಾರ ಯೋಚನೆಗೂ ಬಂದಿರಲಿಲ್ಲ. ಮಕ್ಕಳ ಜೊತೆ ತಾನೂ ನೀರಿಗಿಳಿದು ತಂಗಿ ಮೂವತ್ತೆಂಟರಲ್ಲಿ ಈಜು ಕಲಿತಳು. ಕಲಿತ ದಿನ ಒದ್ದೆ ಕೂದಲಿನಲ್ಲೇ ಅಡುಗೆಮನೆಗೆ ಬಂದು ಅಮ್ಮನನ್ನು ಹಿಂದಿನಿಂದ ತಬ್ಬಿಕೊಂಡು, “ಅಮ್ಮಾ, ಆ ಕಡೆ ಗೋಡೆ ಮುಟ್ಟಿದೆ ಕಣಮ್ಮಾ” ಅಂದಳು. ಅಮ್ಮ ಒಗ್ಗರಣೆ ಬಿಟ್ಟು ಅವಳ ತಲೆ ಒರೆಸಿದಳು.

ಸಂಜೆಯಾದರೆ ಮನೆಯಲ್ಲೇ ಇನ್ನೊಂದು ಮೇಳ. ಬೆಳಿಗ್ಗೆ ತಾನು ಕಲಿತದ್ದನ್ನೆಲ್ಲ ಪುಟ್ಟಿ ತಮ್ಮ ತಂಗಿಯರಿಗೆ ಕಲಿಸಲೇಬೇಕು ಎಂದು ಗುಂಡ ಕರಾರು ಹಾಕಿದ್ದ. ಅವಳೂ ಒಪ್ಪಿದ್ದಳು. ತಾರಸಿಯ ಮೇಲೆ ಚಾಪೆ ಹಾಸಿ, ದುಂಡಗೆ ನಿಲ್ಲಿಸಿ, ಮೊದಲು ಹೆಸರಿಗೊಂದು ಚಪ್ಪಾಳೆಯ ಆಟ. ನಾವು ನೋಡುವವರಾಗಿ ಹೋದೆವು, ಎರಡು ಮೂರು ದಿನದಲ್ಲಿ ನಾವೂ ಆಟದೊಳಗೆ. ಒಮ್ಮೆ ಅಮ್ಮ ಮರವಾದಳು. ಕೈ ಎರಡನ್ನೂ ಮೇಲೆತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಗದೆ ಅಲುಗದೆ ನಿಂತಳು. ಆ ಮರದ ಸುತ್ತ ಮೊಮ್ಮಕ್ಕಳು ಹಕ್ಕಿಗಳಾಗಿ ಹಾರಾಡಿದರು. ಅಮ್ಮ ಆಡುವುದನ್ನು ನಾನು ನನ್ನ ಜೀವಮಾನದಲ್ಲಿ ಅಲ್ಲಿಯವರೆಗೆ ನೋಡಿರಲಿಲ್ಲ. ನಮಗೆ ಬಡಿಸಿದ್ದು, ನಮ್ಮನ್ನು ಗದರಿಸಿದ್ದು, ಜ್ವರ ಬಂದಾಗ ರಾತ್ರಿಯೆಲ್ಲ ಕೂತದ್ದು ನೋಡಿದ್ದೆ. ಆಟಕ್ಕೆ ಅವಳಿಗೆ ಯಾರೂ ಬಿಡುವು ಕೊಟ್ಟಿರಲಿಲ್ಲ.

ಅದೇ ತಾರಸಿ ಬೆಳಗಿನ ಹೊತ್ತು ಸಂಡಿಗೆಯದು. ಏಪ್ರಿಲ್ ಬಿಸಿಲು ಸಿಕ್ಕಿದಾಗ ಮಾಡಿಟ್ಟುಕೊಳ್ಳದಿದ್ದರೆ ಮಳೆಗಾಲದಲ್ಲಿ ಸಾರನ್ನಕ್ಕೆ ಏನು ನಂಜಿಕೊಳ್ಳುವುದು? ಸಬ್ಬಕ್ಕಿ ಸಂಡಿಗೆ, ಬೂದುಗುಂಬಳ ಹಾಕಿದ ಅರಳು ಸಂಡಿಗೆ, ಚಕ್ಕುಲಿ ಒರಳಿನಲ್ಲಿ ಒತ್ತಿದ ಅಕ್ಕಿ ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿ. ಹಿಟ್ಟು ಬೇಯಿಸಿ ಆರುವ ಮೊದಲೇ ಒತ್ತಿಬಿಡಬೇಕು, ಬಿಸಿಲು ನೆತ್ತಿಗೇರುವ ಮುಂಚೆ ಕೆಲಸ ಮುಗಿಯಬೇಕು. ಅಮ್ಮ ಹಳೆಯ ಪಂಚೆಯ ಮೇಲೆ ಸಾಲು ಸಾಲಾಗಿ ಇಡುತ್ತಾ ಹೋದಂತೆ ಗುಂಡ, ಚಿನ್ನಿ ಹಿಂದಿನಿಂದ ಹಿಟ್ಟು ತಿನ್ನುತ್ತಾ ಹೋಗುತ್ತಿದ್ದರು. ಜೀರಿಗೆ, ಹಸಿಮೆಣಸು, ಇಂಗು, ನಿಂಬೆರಸ ಬಿದ್ದ ಆ ಬಿಸಿ ಹಿಟ್ಟಿನ ರುಚಿ ಕರಿದ ಸಂಡಿಗೆಗೂ ಇಲ್ಲ ಎಂದು ನಾನೂ ಒಪ್ಪುತ್ತೇನೆ. ಕಾಗೆ ಕಾಯುವ ಕೆಲಸ ಚಿಕ್ಕವರದು. ಅಪ್ಪನ ಕಪ್ಪು ಕೊಡೆಯ ನೆರಳಲ್ಲಿ ಇಬ್ಬರೂ ಒತ್ತಿಕೊಂಡು ಕೂತು, ಕಾಗೆ ಬರುವ ಮೊದಲೇ ‘ಹುಶ್’ ಎನ್ನುತ್ತಿದ್ದರು.

ರಾಮನವಮಿ ಆ ವರ್ಷ ರಜೆಯ ಮೊದಲ ವಾರದಲ್ಲೇ ಬಂತು. ಬೆಲ್ಲ, ಶುಂಠಿ, ಏಲಕ್ಕಿ ಹಾಕಿದ ಪಾನಕ, ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ. ಗೇಟಿನ ಹತ್ತಿರ ಮಣೆ ಹಾಕಿ ಕೂತು ದಾರಿಹೋಕರಿಗೆಲ್ಲ ಪಾನಕ ಕೊಟ್ಟವರು ಮಕ್ಕಳೇ. ಪೋಸ್ಟ್‌ಮ್ಯಾನ್, ಸೊಪ್ಪಿನವಳು, ಇಸ್ತ್ರಿಯವನು, ಗ್ಯಾಸ್ ತಂದವನು, ಯಾರನ್ನೂ ಬಿಡಲಿಲ್ಲ.

ಅದೇ ವಾರದ ಶುಕ್ರವಾರ ಬೆಂಗಳೂರಿನಲ್ಲಿ ಐಪಿಎಲ್ ಮೊಟ್ಟಮೊದಲ ಬಾರಿಗೆ ಶುರುವಾಯಿತು. ನಮ್ಮ ದ್ರಾವಿಡ್ ಕ್ಯಾಪ್ಟನ್ ಎಂದು ಎಲ್ಲರೂ ಬೇಗ ಉಂಡು ಟಿವಿ ಮುಂದೆ ಕೂತೆವು. ಮೆಕಲಮ್ ಒಬ್ಬನೇ 158 ಹೊಡೆದ, ನಮ್ಮವರೆಲ್ಲ ಸೇರಿ 82. ನನ್ನ ಮಗ ಊಟ ಮಾಡಿದ್ದನ್ನೂ ಮರೆತು ಅತ್ತ. ಅಪ್ಪ ಅವನನ್ನು ತೊಡೆಯ ಮೇಲೆಳೆದುಕೊಂಡು, “ನಾಳೇನೂ ಆಟ ಇರತ್ತೆ ಮರಿ” ಅಂದರು.

ತಿರುಗಾಟಗಳ ಬಗ್ಗೆ ಹೇಳಬೇಕು. ರೈಲ್ವೆ ಮ್ಯೂಸಿಯಂಗೆ ಹೋದದ್ದು ಅಪ್ಪನ ದಿನ. ಸಿ.ಎಫ್.ಟಿ.ಆರ್.ಐ. ಎದುರಿನ ಆ ಮ್ಯೂಸಿಯಂ 1979ರಲ್ಲಿ ಶುರುವಾದಾಗ ನಮ್ಮನ್ನು ಮೂವರನ್ನೂ ಹೀಗೇ ಕೈಹಿಡಿದು ಕರೆದುಕೊಂಡು ಹೋಗಿದ್ದರು. ಈಗ ಅದೇ ಕೈಗಳಲ್ಲಿ ನಮ್ಮ ಮಕ್ಕಳ ಕೈ. ಮಹಾರಾಣಿಯವರ ಸಲೂನಿನೊಳಗೆ ಇಣುಕಿ ‘ರೈಲಿನಲ್ಲಿ ಅಡುಗೆಮನೆ!’ ಎಂದು ಮಕ್ಕಳು ಬಾಯಿಬಿಟ್ಟರು. ಹಳಿಯ ಮೇಲೆ ಓಡುವಂತೆ ಮಾಡಿದ್ದ ಹಳೆಯ ಆಸ್ಟಿನ್ ಕಾರಿನ ಮುಂದೆ ಗುಂಡ ನಿಂತಲ್ಲೇ ನಿಂತ. ಅಪ್ಪ ಮಾತ್ರ ಸ್ಟೀಮ್ ಇಂಜಿನ್ನಿನ ಬಳಿ ಹೋಗಿ ನಿಂತು, ಬೆಂಕಿ ಎಲ್ಲಿ ಹಾಕುತ್ತಾರೆ, ನೀರು ಎಲ್ಲಿ ಆವಿಯಾಗುತ್ತದೆ, ಆ ಆವಿ ಪಿಸ್ಟನ್ನನ್ನು ಹೇಗೆ ತಳ್ಳುತ್ತದೆ, ಪಿಸ್ಟನ್ನು ದಂಡವನ್ನೂ ದಂಡ ಚಕ್ರವನ್ನೂ ಹೇಗೆ ತಿರುಗಿಸುತ್ತದೆ ಎಂದು ಕಬ್ಬಿಣವನ್ನು ಮುಟ್ಟಿ ಮುಟ್ಟಿ ಹೇಳಿದರು. ಅವರ ದನಿ ಕೇಳಿ ಪಕ್ಕದಲ್ಲಿದ್ದ ಬೇರೆ ಮನೆಯ ಮಕ್ಕಳೂ ಬಂದು ಸೇರಿಕೊಂಡವು. ವರ್ಕ್‌ಶಾಪಿನ ಕೆಲಸದ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡದೆ ಮೂರು ಮಕ್ಕಳನ್ನು ಓದಿಸಿದ ಅಪ್ಪ, ಅವತ್ತು ಅಷ್ಟೂ ಮಾತನ್ನು ಆಡಿದರು. ಅಣ್ಣ ಕೊನೆಯ ತನಕ ಮಕ್ಕಳ ಹಿಂದೆ ನಿಂತು ಕೇಳಿದ. ಅವನೂ ಇಂಜಿನಿಯರು. ಬರುವಾಗ ಅಪ್ಪನ ಚೀಲ ಇಸಿದುಕೊಂಡು ತಾನೇ ಹೆಗಲಿಗೆ ಹಾಕಿಕೊಂಡ.

ರಂಗನತಿಟ್ಟಿಗೆ ಹೋಗಲು ಅದು ಒಳ್ಳೆಯ ಕಾಲ. ಹಕ್ಕಿಗಳು ಮರಿ ಮಾಡಿರುತ್ತವೆ, ಗೂಡುಗಳ ತುಂಬ ಗಲಾಟೆ. ಸಲೀಂ ಅಲಿಯವರು ನೋಡಿ ಹೇಳಿ, ಮೈಸೂರು ಸಂಸ್ಥಾನ 1940ರಲ್ಲಿ ಪಕ್ಷಿಧಾಮವೆಂದು ಕಾಪಾಡಿಕೊಂಡ ಜಾಗ. ದೋಣಿ ನಡೆಸುವವರಿಗೆ ಪ್ರತಿ ನಡುಗಡ್ಡೆಯೂ ತಮ್ಮ ಹಿತ್ತಲಿನಷ್ಟು ಪರಿಚಯ. ಬಣ್ಣದ ಕೊಕ್ಕರೆ, ಬಸವನಹುಳು ಹೆಕ್ಕಿ ತಿನ್ನುವ ಬಾಯ್ಕಳಕ, ಚಮಚದ ಕೊಕ್ಕಿನ ಹಕ್ಕಿ, ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುವ ನೀರುಕಾಗೆ ಎಂದು ನಮ್ಮ ದೋಣಿಯವರು ಒಂದೊಂದನ್ನೂ ತೋರಿಸಿದರು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯ ಪಕ್ಕ ದೋಣಿ ಹಾದಾಗ ನಾಲ್ವರೂ ಅಜ್ಜಿಯ ಸೀರೆಯೊಳಗೆ. ಮಧ್ಯಾಹ್ನ ಮರದಡಿ ಕೂತು ಪುಳಿಯೋಗರೆ, ಮೊಸರನ್ನ, ಉಪ್ಪುಖಾರ ಹಚ್ಚಿದ ಗಿಣಿಮೂತಿ ಮಾವಿನಕಾಯಿ. ಚಿನ್ನಿ ಹಕ್ಕಿಗಳ ಹೆಸರನ್ನೆಲ್ಲ ನನ್ನ ಕೈಯಲ್ಲಿ ಒಂದು ಚೀಟಿಯಲ್ಲಿ ಬರೆಸಿಕೊಂಡಳು. ಆ ಹೆಸರುಗಳನ್ನು ಓದುವುದಕ್ಕೆಂದೇ ಕನ್ನಡ ಅಕ್ಷರ ಕಲಿಯಲು ಕೂತಳು. ಮೇ ಮುಗಿಯುವ ಹೊತ್ತಿಗೆ ಒತ್ತಕ್ಷರಗಳವರೆಗೆ ಬಂದಿದ್ದಳು. ಆ ಬೇಸಿಗೆ ನಮಗೆ ಕೊಟ್ಟದ್ದರಲ್ಲಿ ಇದನ್ನು ನಾನು ತುಂಬ ದೊಡ್ಡದೆಂದು ಎಣಿಸುತ್ತೇನೆ.

ಜೂಗೆ ಹೋಗದೆ ಮೈಸೂರಿನ ರಜೆ ಮುಗಿಯುವುದುಂಟೆ? 1892ರ ಮೃಗಾಲಯ ಅದು, ನಮ್ಮ ಅಜ್ಜನೂ ನೋಡಿದ್ದು. ಜಿರಾಫೆ, ಬಿಳಿ ನವಿಲು, ಆನೆ ಎಲ್ಲ ನೋಡುತ್ತಾ ಪೋಲೋ ಹತ್ತಿರ ಬಂದೆವು. ಪೋಲೋ ಆಗ ಇಡೀ ದೇಶಕ್ಕೆ ಒಂದೇ ಗೊರಿಲ್ಲಾ. 1995ರಲ್ಲಿ ಡಬ್ಲಿನ್‌ನಿಂದ ಬಂದವನು. ಅವನು ಕೈಕಟ್ಟಿ ಕೂತು ಜನರನ್ನು ನೋಡುತ್ತಿದ್ದ. ಗುಂಡ ಕಂಬಿಗೆ ಮುಖವಿಟ್ಟು ಬಹಳ ಹೊತ್ತು ನೋಡಿ, “ದೊಡ್ಡಮ್ಮಾ, ಅವನಿಗೆ ರಜಾ ಬಂದ್ರೆ ಎಲ್ಲಿಗೆ ಹೋಗ್ತಾನೆ? ಅವನ ಅಜ್ಜಿ ಮನೆ ಎಲ್ಲಿ?” ಅಂತ ಕೇಳಿದ. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ತಂಗಿ ಅವನನ್ನು ಎತ್ತಿಕೊಂಡು ಮುಖ ಬೇರೆ ಕಡೆ ತಿರುಗಿಸಿದಳು. 2014ರಲ್ಲಿ ಪೋಲೋ ಸತ್ತ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಪುಣೆಯಿಂದ ಫೋನು ಬಂತು. ಚಿನ್ನಿ ಮಾತಾಡಲಾರದೆ ಫೋನನ್ನು ಗುಂಡನಿಗೆ ಕೊಟ್ಟಳು, ಅವನೂ ಮಾತಾಡಲಿಲ್ಲ.

ಜೂಗೆ ಹೋಗಿ ಬಂದ ಆ ರಾತ್ರಿ ತಾರಸಿಯ ಮೇಲೆ ಮಕ್ಕಳೆಲ್ಲ ಮಲಗಿದ ಮೇಲೆ ತಂಗಿ ಬಾಯಿ ಬಿಟ್ಟಳು. ಹೊಸ ಊರು, ಹೊಸ ಭಾಷೆ, ಗಂಡ ತಿಂಗಳಲ್ಲಿ ಅರ್ಧ ಪ್ರವಾಸದಲ್ಲಿ. ಮಾತಾಡಲು ಜನವಿಲ್ಲದೆ ಕೆಲವು ಮಧ್ಯಾಹ್ನ ತನ್ನಷ್ಟಕ್ಕೆ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದಳಂತೆ. ಇಷ್ಟು ವರ್ಷ ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ’ ಎಂದೇ ಹೇಳುತ್ತಿದ್ದವಳು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಕೆಲಸದ ಕಷ್ಟಗಳನ್ನು ಹೇಳಿದ. ಅವನು ನಮ್ಮ ಹತ್ತಿರ ಕಷ್ಟ ಹೇಳಿಕೊಂಡದ್ದು ಅದೇ ಮೊದಲು. ಮನೆಯ ಹಿರಿಮಗ, ಹೇಳಬಾರದು ಎಂದು ಯಾರೋ ಅವನ ತಲೆಯಲ್ಲಿ ಕೂರಿಸಿದ್ದರು. ನಾನು ನನ್ನದನ್ನು ಹೇಳಿದೆ. ಚಿಕ್ಕವರಿದ್ದಾಗ ಇದೇ ತಾರಸಿಯಲ್ಲಿ ಒಂದೇ ಜಮಖಾನಕ್ಕೆ ಜಗಳವಾಡಿದವರು ನಾವು, ಅವತ್ತು ನಸುಕಿನ ತನಕ ಮಾತಾಡಿದೆವು. ಅಂಥ ರಾತ್ರಿಗಳು ಆಮೇಲೆ ಇನ್ನಷ್ಟು ಸಿಕ್ಕವು. ಹಗಲು ಮಕ್ಕಳದು, ರಾತ್ರಿ ನಮ್ಮದು. ಇವತ್ತಿಗೂ ಯಾರಿಗೆ ಏನಾದರೂ ಮೊದಲು ಫೋನು ಹೋಗುವುದು ಈ ಮೂವರ ನಡುವೆಯೇ, ಅದರ ಬೇರು ಆ ರಾತ್ರಿಗಳಲ್ಲಿದೆ.

ಭರಣಿ ಮಳೆ ಒಂದು ಸಂಜೆ ಆಲಿಕಲ್ಲಿನ ಜೊತೆ ಸುರಿಯಿತು. ಮಕ್ಕಳು ಪಾತ್ರೆ ಹಿಡಿದು ಅಂಗಳಕ್ಕೆ ಓಡಿದರೆ, ನಾವು ಸಂಡಿಗೆ ಬಾಚಿಕೊಳ್ಳಲು ಮೇಲಕ್ಕೆ ಓಡಿದೆವು.

ಮೇಳದಲ್ಲಿ ಮಕ್ಕಳ ಸಂತೆ ನಡೆಯಿತು. ಮಕ್ಕಳೇ ಅಂಗಡಿ ಇಡಬೇಕು, ಕೂಗಿ ಮಾರಬೇಕು, ಚಿಲ್ಲರೆ ಲೆಕ್ಕ ಮಾಡಬೇಕು. ಅಮ್ಮ ಹಿತ್ತಲಿನ ನಿಂಬೆಹಣ್ಣು, ಕರಿಬೇವಿನ ಕಟ್ಟು, ಒಂದು ಡಬ್ಬಿ ಚುರುಮುರಿ ಕಟ್ಟಿಕೊಟ್ಟಳು. ಪುಟ್ಟಿ ಕೂಗಿದ್ದೇ ಕೂಗಿದ್ದು. ನನ್ನ ಮಗ ಹುಬ್ಬಳ್ಳಿಯ ಧಾಟಿಯಲ್ಲಿ “ಬರ್‍ರೀ ಬರ್‍ರೀ, ತಾಜಾ ಅದಾವ್ರೀ” ಎಂದು ಕರೆದದ್ದಕ್ಕೆ ಜನ ಖುಷಿಯಿಂದ ಬಂದು ನಿಂತರು, ನಿಂಬೆಹಣ್ಣು ಮೊದಲು ಖಾಲಿಯಾಯಿತು. ಮೇಳದ ಕೊನೆಗೆ ವನರಂಗದಲ್ಲಿ ನಾಟಕ. ಇಬ್ಬರಿಗೂ ಗುಂಪಿನಲ್ಲಿ ಚಿಕ್ಕ ಪಾತ್ರಗಳು. ಬಯಲಿನಲ್ಲಿ ಕೂತು, ಅಷ್ಟೊಂದು ಮಕ್ಕಳ ನಡುವೆ ನಮ್ಮವು ಯಾವುವು ಎಂದು ಹುಡುಕುತ್ತಾ ಹುಡುಕುತ್ತಾ, ಕೊನೆಗೆ ಎಲ್ಲವೂ ನಮ್ಮವೇ ಎನ್ನಿಸಿ ಚಪ್ಪಾಳೆ ತಟ್ಟಿದೆವು.

ಅಪ್ಪ ಅಮ್ಮನ ಐವತ್ತನೆಯ ವರ್ಷದ ದಿನ ಬಂತು. ಛತ್ರ ಬೇಡ ಎಂದು ಅಮ್ಮ ಮೊದಲೇ ಹೇಳಿದ್ದಳು. ಬೆಳಿಗ್ಗೆ ಮನೆಯಲ್ಲೇ ಪೂಜೆ, ಬಾಳೆಯೆಲೆಯಲ್ಲಿ ಊಟ, ಮಾವಿನಹಣ್ಣಿನ ಸೀಕರಣೆ, ಹೋಳಿಗೆ. ನಂಟರಿಷ್ಟರೆಲ್ಲ ಬಂದಿದ್ದರು. ಅಮ್ಮನ ಮುಡಿಗೆ ಮೈಸೂರು ಮಲ್ಲಿಗೆಯ ದಂಡೆಯನ್ನು ಅಪ್ಪನ ಕೈಯಲ್ಲೇ ಮುಡಿಸಿದೆವು. ಸಂಜೆ ತಾರಸಿಯಲ್ಲಿ ಮಕ್ಕಳ ನಾಟಕ, ಪುಣ್ಯಕೋಟಿಯ ಕಥೆ. ಪುಟ್ಟಿಯೇ ನಿರ್ದೇಶಕಿ, ಅವಳೇ ಪುಣ್ಯಕೋಟಿ. ಚಿನ್ನಿ ಕರು. ನನ್ನ ಮಗ ಗೊಲ್ಲ. ಹುಲಿಯ ಮುಖವಾಡ ಅಣ್ಣನಿಗೆ. ಗುಂಡ ಕಾಡಿನ ಎಲ್ಲ ದನಿಗಳು.

ಕಥೆಯ ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ, ಎಲ್ಲರಿಗೂ ಗೊತ್ತು. ಅಭ್ಯಾಸದಲ್ಲಿ ಗುಂಡ ಅದನ್ನು ಹೇಗೋ ಸಹಿಸಿಕೊಂಡಿದ್ದ. ಅವತ್ತು ಅಣ್ಣ ಹಾರಲು ಹೊರಟದ್ದೇ ತಡ, ತನ್ನ ಜಾಗ ಬಿಟ್ಟು ಓಡಿ ಬಂದು ಅವನ ಕಾಲು ಕಟ್ಟಿಕೊಂಡು, “ಬೇಡ ಮಾಮಾ, ಹುಲಿ ಸಾಯೋದು ಬೇಡ” ಎಂದು ಅಳತೊಡಗಿದ. ನೋಡುವವರೆಲ್ಲ ಸುಮ್ಮನಾದರು. ಪುಣ್ಯಕೋಟಿ ಒಂದು ಗಳಿಗೆ ಯೋಚಿಸಿ, ನಿರ್ದೇಶಕಿಯ ದನಿಯಲ್ಲಿ, “ಸರಿ, ಹಾಗಾದ್ರೆ ಹುಲಿ ನಮ್ಮ ಜೊತೆ ದೊಡ್ಡಿಗೆ ಬರಲಿ” ಅಂದಳು. ಗೊಲ್ಲ ಒಪ್ಪಿದ. ಹುಲಿ, ಹಸು, ಕರು, ಗೊಲ್ಲ, ಕಾಡು ಎಲ್ಲ ಕೈಹಿಡಿದುಕೊಂಡು ಅಪ್ಪ ಅಮ್ಮನ ಸುತ್ತ ಕುಣಿದರು. ಅಣ್ಣ ಮುಖವಾಡ ತೆಗೆಯದೆ ಬಹಳ ಹೊತ್ತು ಹಾಗೆಯೇ ಇದ್ದ. ಮುಖವಾಡದ ಕೆಳಗೆ ಗದ್ದದ ಮೇಲೆ ನೀರು ಇಳಿಯುತ್ತಿದ್ದುದನ್ನು ನಾನೂ ತಂಗಿಯೂ ನೋಡಿದೆವು.

ಅದಾದ ವಾರದಲ್ಲಿ ಗುಂಡನ ಹುಟ್ಟುಹಬ್ಬ. ಅದಾದ ಮೇಲೆ ಪೆಟ್ಟಿಗೆ ಕಟ್ಟುವ ದಿನಗಳು. ಸಂಡಿಗೆಯನ್ನು ಮೂರು ಡಬ್ಬಿಗಳಲ್ಲಿ ಸಮನಾಗಿ ಹಂಚಿ, ಪುಣೆಯ ಡಬ್ಬಿಗೆ ಅಮ್ಮ ಒಂದು ಹಿಡಿ ಜಾಸ್ತಿ ಹಾಕಿದಳು. ಮುಂದಿನ ವರ್ಷವೂ ಹೀಗೇ ಎಂದು ಎಲ್ಲರೂ ಮಾತು ಕೊಟ್ಟುಕೊಂಡೆವು. ಮುಂದಿನ ವರ್ಷ ಒಬ್ಬರು ಬಂದರೆ ಇನ್ನೊಬ್ಬರಿಗೆ ಆಗಲಿಲ್ಲ. ಮಕ್ಕಳು ಬೆಳೆದರು, ಎಸ್ಸೆಸ್ಸೆಲ್ಸಿ, ಪಿಯುಸಿ, ಕೋಚಿಂಗು ಎಂದು ಬೇಸಿಗೆಗಳೇ ಕರಗಿದವು. ಅಪ್ಪ ಹೋದರು. ನಮ್ಮ ನಡುವಿನ ಮಾತು ಮಾತ್ರ ಕಡಿಮೆಯಾಗಲಿಲ್ಲ, ಮಕ್ಕಳ ನಡುವಿನದೂ. ಚಿನ್ನಿ ಈಗ ಅಜ್ಜಿಗೆ ಕನ್ನಡದಲ್ಲೇ ಉದ್ದುದ್ದ ಮೆಸೇಜು ಬರೆಯುತ್ತಾಳೆ. ಪುಟ್ಟಿ ಶಾಲೆಯಲ್ಲಿ ಮಕ್ಕಳಿಗೆ ನಾಟಕ ಮಾಡಿಸುತ್ತಾಳೆ. ಅವಳ ಹುಲಿಗಳು ಯಾವತ್ತೂ ಸಾಯುವುದಿಲ್ಲವಂತೆ.

ಬರುವ ಮೇ ತಿಂಗಳಲ್ಲಿ ನಾಲ್ವರೂ ರಜೆ ಹಾಕಿ ಮೈಸೂರಿಗೆ ಬರುತ್ತಾರೆ, ಟಿಕೆಟ್ಟು ಆಗಿದೆ. ಅಮ್ಮ ಈಗಾಗಲೇ ಸಬ್ಬಕ್ಕಿ, ಅರಳು ತರಿಸಿಟ್ಟಿದ್ದಾಳೆ. ತಾರಸಿ ತೊಳೆಸಬೇಕೆಂದು ದಿನವೂ ನನಗೆ ನೆನಪಿಸುತ್ತಾಳೆ. ಆರಡಿ ಎತ್ತರ ಬೆಳೆದಿರುವ ಗುಂಡ ಈ ಸಲ ಹುಲಿ ತಾನೇ ಎಂದು ಬರೆದಿದ್ದಾನೆ, ಅಣ್ಣ ಬಿಟ್ಟುಕೊಡುವುದಿಲ್ಲ ಎನ್ನುತ್ತಿದ್ದಾನೆ.